ಬೀಗದ ಕೈ ಯಾರಲ್ಲಿದೆ?



ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದ ನಾನು ಇಂದು ನನ್ನದೇ ಅಜಾಗರೂಕತೆಯೊಂದನ್ನು ನಿವೇದಿಸಬೇಕಾಗಿದೆ. ನಮ್ಮ ಸಂಘದ ಹಳೆಯ ನಾಟಕಗಳ ಛಾಯಾಚಿತ್ರಗಳನ್ನು ಉಚಿತ ಜಾಲತಾಣವೊಂದಕ್ಕೆ ಏರಿಸಿ, ಮೂಲಪ್ರತಿಗಳ ಚಿಂತೆಯನ್ನೇ ಬಿಟ್ಟಿದ್ದೆ. ಅವು ಇಲ್ಲಿನ ಮಳೆಗಾಲದ ತೇವಕ್ಕೆ ಹಾಳಾದವು. ಮುಂದೆ ತಾಣವೂ ಮುಚ್ಚಿತು. ಓದದೆಯೇ ಒಪ್ಪಿದ್ದ ಷರತ್ತುಗಳಲ್ಲಿ, ಸೇವೆಯನ್ನು ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ಅವರಿಗಿದೆಯೆಂದೇ ಬರೆದಿತ್ತು.

ಇದು ನನ್ನೊಬ್ಬನ ಅನುಭವವಲ್ಲ. 2009ರಲ್ಲಿ ಯಾಹೂ ಸಂಸ್ಥೆ ಜಿಯೋಸಿಟೀಸನ್ನೂ, 2014ರ ಸೆಪ್ಟೆಂಬರ್ 30ರಂದು ಗೂಗಲ್ ಸಂಸ್ಥೆ ಆರ್ಕುಟನ್ನೂ ಮುಚ್ಚಿದವು. ಮುನ್ಸೂಚನೆಯೇನೋ ಇತ್ತು, ಗಮನಿಸದವರು ಕಳೆದುಕೊಂಡರು. ಬಳಸುವವರಿಂದ ಹಣ ಪಡೆಯದ ಇಂಥ ತಾಣಗಳಿಗೆ ಬಹುಮಟ್ಟಿಗೆ ಜಾಹೀರಾತೇ ಜೀವನಾಧಾರ. ಲಾಭ ಬತ್ತಿದಂದು ನಮ್ಮ ನೆನಪುಗಳು ಅವುಗಳಿಗೆ ಹೊರೆ.

ನಮ್ಮ ನಗರ ಕೋಲ್ಕತ್ತದ ಬೆಲ್ವೆಡೇರ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯದ ರೀತಿ ಬೇರೆ. 1954ರ ಕಾಯಿದೆಯಂತೆ ದೇಶದ ಪ್ರಕಾಶಕರು ತಾವು ಪ್ರಕಟಿಸಿದ ಪುಸ್ತಕದ ಪ್ರತಿಯನ್ನು 30 ದಿನಗಳೊಳಗೆ ಸ್ವಂತ ಖರ್ಚಿನಲ್ಲಿ ಇಲ್ಲಿಗೆ ಸಲ್ಲಿಸಬೇಕು. ಕನ್ನಡ ಪುಸ್ತಕವೂ ಇದಕ್ಕೆ ಹೊರತಲ್ಲ. ನಾಳೆ ಪ್ರಕಾಶಕನು ಅಂಗಡಿ ಮುಚ್ಚಿದರೂ ಪುಸ್ತಕಕ್ಕೊಂದು ನೆಲೆಯಿರುತ್ತದೆ.

ಜಾಲತಾಣವನ್ನು ತ್ಯಜಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ನಮಗೆ ಜಗಲಿಯಾಗಲಿ, ಕಣಜವಾಗದಿರಲಿ. ಮನೆಮನೆಯ ಟ್ರಂಕುಗಳಲ್ಲಿ ಉಳಿದಿರುವ ಚಿತ್ರ, ಕರಪತ್ರಗಳನ್ನು ಸಂಗ್ರಹಿಸಿ, ಎರಡು ಬೇರೆ ಬೇರೆ ಕಡೆ ಪ್ರತಿಗಳನ್ನಿಡೋಣ, ಮುಖ್ಯವಾದವನ್ನು ಮುದ್ರಿಸೋಣ. ಹೊರನಾಡಿನಲ್ಲಿ ನಾವು ಬಾಳಿದ್ದಕ್ಕೆ ಸಾಕ್ಷಿ ಅವೇ. ಅವುಗಳ ಬೀಗದ ಕೈ ನಮ್ಮಲ್ಲೇ ಇರಲಿ.