ಡ್ರಮ್ಮು ಎದ್ದ ಬೆಳಗು



ಮಲೆನಾಡಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದವರು ಮೊದಲು ಕಣ್ಣು ಹಾಯಿಸುತ್ತಿದ್ದುದು ಕೊಟ್ಟಿಗೆ ಪಕ್ಕದ ಕಬ್ಬಿಣದ ಡ್ರಮ್ಮಿನ ಕಡೆಗೆ. ರಾತ್ರಿಯೆಲ್ಲ ಗೋಬರ್ ಗ್ಯಾಸು ತುಂಬಿ ಡ್ರಮ್ಮು ಮೇಲೆದ್ದಿದ್ದರೆ ತಿಂಡಿಗೆ ದೋಸೆ. ಎದ್ದಿಲ್ಲವೆಂದರೆ ಅವಲಕ್ಕಿ. ನೆಂಟರು ಬಂದ ದಿನವಂತೂ ಮಧ್ಯಾಹ್ನದ ಹೊತ್ತಿಗೇ ಅದು ಗುಂಡಿಯಲ್ಲಿ ಕೂತುಬಿಡುತ್ತಿತ್ತು.

ಗೋಬರ್ ಗ್ಯಾಸಿನ ಕಥೆ ಶುರುವಾದದ್ದು ಸಗಣಿಯಿಂದಲ್ಲ. 19ನೆಯ ಶತಮಾನದ ಕೊನೆಗೆ ಮುಂಬಯಿಯ ಮಾತುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಪಾಯಿಖಾನೆಯ ಮಲದಿಂದ ಅನಿಲ ತೆಗೆದು ದೀಪ ಹಚ್ಚಿದ್ದರು. ಸಗಣಿಯ ಸರದಿ ಬಂದದ್ದು 1939ರ ಸುಮಾರಿಗೆ, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿ ನಡೆಸಿದ ಪ್ರಯೋಗಗಳಿಂದ. ಅದನ್ನು ರೈತರ ಅಂಗಳಕ್ಕೆ ತಂದವರು ಜಶಭಾಯಿ ಪಟೇಲ್. 1950ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಸ್ಥಾವರಕ್ಕೆ ‘ಗ್ರಾಮಲಕ್ಷ್ಮಿ’ ಎಂದು ಹೆಸರು. ಸಗಣಿ-ನೀರಿನ ಬಗ್ಗಡದ ಮೇಲೆ ಕವುಚಿಟ್ಟ ಡ್ರಮ್ಮು; ಅದರ ಭಾರವೇ ಗ್ಯಾಸನ್ನು ಒಲೆಗೆ ನೂಕುತ್ತಿತ್ತು. ಖಾದಿ ಗ್ರಾಮೋದ್ಯೋಗ ಆಯೋಗ ಈ ಮಾದರಿಯನ್ನು ದೇಶಕ್ಕೆಲ್ಲ ಹಂಚಿತು. ಕಬ್ಬಿಣ ದುಬಾರಿ, ತುಕ್ಕು ಬೇರೆ. ಹಾಗಾಗಿ 1984ರಲ್ಲಿ ಬಂದ, ಇಟ್ಟಿಗೆಯ ಗುಮ್ಮಟದ ‘ದೀನಬಂಧು’ ಬೇಗ ಜನಪ್ರಿಯವಾಯಿತು.

ಡ್ರಮ್ಮೋ ಗುಮ್ಮಟವೋ, ಸಗಣಿ ಎಷ್ಟಿದೆ ಅನ್ನುವುದೇ ನಿಜವಾದ ಲೆಕ್ಕ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಬೇಕು. ದಿನಾ ಹೊತ್ತು, ಅಷ್ಟೇ ನೀರು ಬೆರೆಸಿ, ಗಂಟು ಕರಗಿಸಿ ಕಲಸುವವರು ಯಾರು? ಬಹುಪಾಲು ಹೆಂಗಸರು. ಈ ಪ್ರಶ್ನೆಗೆ ಗೌರವದಿಂದ ಉತ್ತರ ಹುಡುಕಿದ್ದು, ನನ್ನ ಮಟ್ಟಿಗೆ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ತಂಡ ಕಟ್ಟಿದವರು ಎ. ಕೆ. ಎನ್. ರೆಡ್ಡಿ. ಪುರದಲ್ಲಿ ಇಡೀ ಊರಿಗೆ ಅಡುಗೆ ಅನಿಲ ಕೊಡಬೇಕೆಂದು ಈ ತಂಡ ಹೊರಟಿತು; ಎಲ್ಲ ಒಲೆಗೂ ಸಾಲುವಷ್ಟು ಸಗಣಿ ಹುಟ್ಟಲಿಲ್ಲ. ಊರವರಿಗೆ ಅದಕ್ಕಿಂತ ಮೊದಲು ಬೇಕಿದ್ದುದು ನೀರು. ವಿಜ್ಞಾನಿಗಳು ಹಟ ಹಿಡಿಯದೆ ದಾರಿ ಬದಲಿಸಿದರು. ಅನಿಲಕ್ಕೆ ಸ್ವಲ್ಪ ಡೀಸೆಲ್ ಬೆರೆಸಿ ಎಂಜಿನ್ ಓಡಿಸಿದರು. 1987ರ ಹೊತ್ತಿಗೆ ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು.

ನನಗೆ ಹೆಚ್ಚು ಇಷ್ಟವಾಗುವುದು ಅಲ್ಲಿನ ತಕ್ಕಡಿ. ತಂದ ಸಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಹೊತ್ತು ತಂದವರಿಗೆ ಕಿಲೋಗೆ ಎರಡು ಪೈಸೆ, ಮೇಲೆ ತಂದ ಲೆಕ್ಕಕ್ಕೆ ಸರಿಯಾಗಿ, ಗ್ಯಾಸು ತೆಗೆದು ಉಳಿದ ಬಗ್ಗಡವೂ ವಾಪಸು. ಸಗಣಿಯ ಸಾರಜನಕ ಬಗ್ಗಡದಲ್ಲೇ ಉಳಿಯುವುದರಿಂದ ಹೊಲಕ್ಕೆ ಏನೂ ನಷ್ಟವಿಲ್ಲ. ಬೆರಣಿ ತಟ್ಟಿ ಉರಿಸಿದ್ದರೆ ಒಲೆಗಷ್ಟೇ, ಹೊಲಕ್ಕಿಲ್ಲ.

ನಮ್ಮ ಮನೆಯ ಡ್ರಮ್ಮು ಈಗ ಏಳುವುದು ಕಡಿಮೆ. ಸಿಲಿಂಡರ್ ಬಂತು ಅನ್ನುವುದು ಅರ್ಧ ಕಾರಣ. ಆರು ದನ ಇದ್ದ ಕೊಟ್ಟಿಗೆಯಲ್ಲಿ ಎರಡೇ ಉಳಿದದ್ದು ಇನ್ನರ್ಧ. ಇರುವಷ್ಟು ಗ್ಯಾಸಿನಲ್ಲಿ ಅಮ್ಮ ದನಕ್ಕೆ ಹುರುಳಿ ಬೇಯಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು: “ಅಡಿಕೆ ಬುಡಕ್ಕೆ ಬಗ್ಗಡ ಹೊರುವುದಕ್ಕೆ ಯಾರಾದರೂ ಸಿಗ್ತಾರಾ ನೋಡು, ಗುಂಡಿ ತುಂಬಿದೆ.”