‘ಫೇಸ್ ಔಟ್’: ಅರ್ಥ ಮತ್ತು ಬಳಕೆ



ಇಂಗ್ಲಿಷಿನಲ್ಲಿ ಕ್ರಿಯಾಪದದ ಬೆನ್ನಿಗೆ ಬರುವ ಕಿರುಪದವೊಂದು ಇಡೀ ಮಾತಿನ ಅರ್ಥವನ್ನೇ ಬದಲಿಸುವುದುಂಟು. ಪರಿಸರ ಒಪ್ಪಂದಗಳಲ್ಲಿ ಪದೇ ಪದೇ ಎದುರಾಗುವ ‘ಫೇಸ್ ಔಟ್’ ಅಂಥದೊಂದು ನುಡಿಗಟ್ಟು. ‘ಫೇಸ್’ ಎಂದರೆ ಹಂತ. ಚಂದ್ರನ ಕಲೆಗಳಿಗೂ ಇಂಗ್ಲಿಷಿನಲ್ಲಿ ಇದೇ ಪದ. ಆದುದರಿಂದ ಪಂಚಾಂಗದ ಭಾಷೆಯಲ್ಲೇ ವಿವರಿಸಬಹುದು: ‘ಫೇಸ್ ಔಟ್’ ಎಂದರೆ ಕೃಷ್ಣಪಕ್ಷವು ಅಮಾವಾಸ್ಯೆಯನ್ನು ಮುಟ್ಟಲೇಬೇಕು, ‘ಫೇಸ್ ಡೌನ್’ ಎಂದರೆ ಅಷ್ಟಮಿಯಲ್ಲಿ ನಿಂತರೂ ಮಾತು ತಪ್ಪಿದಂತಾಗದು. ಮೊದಲನೆಯದು ಹಂತಹಂತವಾಗಿ ಕೈಬಿಡುವುದು, ಎರಡನೆಯದು ಬರಿದೇ ತಗ್ಗಿಸುವುದು. ಎರಡನ್ನೂ ‘ಕಡಿತ’ ಎಂದು ಅನುವಾದಿಸಿದರೆ ಒಪ್ಪಂದದ ಜೀವವೇ ಹೋಗುತ್ತದೆ.

ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವು ಮೊದಲಿಗೆ ಸಿಎಫ್‌ಸಿ ಅನಿಲಗಳನ್ನು ಅರ್ಧಕ್ಕೆ ಇಳಿಸಲಷ್ಟೇ ಹೇಳಿತ್ತು. 1990ರಲ್ಲಿ ಲಂಡನ್ನಿನಲ್ಲಿ ಅದು ಪೂರ್ಣ ‘ಫೇಸ್ ಔಟ್’ ಆಯಿತು. ಭಾರತದಂಥ ದೇಶಗಳಿಗೆ 2010ರ ಗಡುವು ಬಿತ್ತು. ಇಸವಿ ನಮೂದಾದ್ದರಿಂದಲೇ ಕಾರ್ಖಾನೆಗಳು ಬದಲಿಯನ್ನು ಹುಡುಕಿದವು. ಶೀತಲೀಕರಣದ ಎಚ್‌ಎಫ್‌ಸಿ ಅನಿಲಗಳ ಕುರಿತ 2016ರ ಕಿಗಾಲಿ ತಿದ್ದುಪಡಿಯಾದರೋ ಕೇವಲ ‘ಫೇಸ್ ಡೌನ್’.

ಈ ಕಿರುಪದದ ತೂಕ ಜಗತ್ತಿಗೆ ತಿಳಿದದ್ದು 2021ರ ನವೆಂಬರಿನಲ್ಲಿ, ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ. ಕಲ್ಲಿದ್ದಲು ವಿದ್ಯುತ್ತಿನ ಬಗೆಗಿನ ‘ಫೇಸ್ ಔಟ್’ ಎಂಬ ಮಾತು ಕೊನೆಯ ಗಳಿಗೆಯಲ್ಲಿ, ಭಾರತದ ಪರಿಸರ ಸಚಿವ ಭೂಪೇಂದರ್ ಯಾದವ್ ಮಂಡಿಸಿದ ತಿದ್ದುಪಡಿಯಿಂದ, ‘ಫೇಸ್ ಡೌನ್’ ಆಯಿತು. ಸಮ್ಮೇಳನದ ಅಧ್ಯಕ್ಷ ಅಲೋಕ್ ಶರ್ಮಾ ಗದ್ಗದಿತರಾಗಿ ಕ್ಷಮೆ ಕೋರಿದರು. ಶತಮಾನಗಳಿಂದ ಹೊಗೆಯುಗುಳಿದ ಶ್ರೀಮಂತ ದೇಶಗಳು ಬಡವರ ಒಲೆಗೆ ಗಡುವು ವಿಧಿಸುವುದು ಅನ್ಯಾಯವೆಂಬ ವಾದದಲ್ಲಿ ಹುರುಳಿದೆ. ಆದರೆ ಅದಕ್ಕೆ ಉತ್ತರ ಬೇರೆ ಬೇರೆ ಗಡುವುಗಳೇ ಹೊರತು ಗಡುವಿಲ್ಲದ ಮಾತಲ್ಲ. ಮಾಂಟ್ರಿಯಲ್ ಅದನ್ನು ಆಗಲೇ ಮಾಡಿ ತೋರಿಸಿತ್ತು.

ಬಳಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಗ್ಲಿಷ್ ಕಡತಗಳು ಇದನ್ನು ಬಹುಮಟ್ಟಿಗೆ ಕರ್ಮಣಿ ಪ್ರಯೋಗದಲ್ಲಿ ಬರೆಯುತ್ತವೆ: ‘ಕೈಬಿಡಲಾಗುವುದು’. ಯಾರು, ಯಾವ ವರ್ಷ ಎಂಬುದು ವಾಕ್ಯದೊಳಗೇ ಮರೆಯಾಗುತ್ತದೆ. ಮಲೆನಾಡಿನ ಬೆಳೆಗಾರರು ಕೀಟನಾಶಕಗಳ ಆದೇಶಗಳನ್ನು ಓದುವಾಗ ಮೊದಲು ಹುಡುಕಬೇಕಾದದ್ದು ಇವೆರಡನ್ನೇ.

ಎಲ್ಲ ವಿಷಕ್ಕೂ ಹಂತಗಳು ಸಲ್ಲವು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಿದಾಗ ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿ ಉಳಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಭಾರತದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ಒಮ್ಮೆಗೇ ತಡೆಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದು ಅದಕ್ಕೂ ಮೊದಲಿನ ದಶಕಗಳಲ್ಲಿ.