ತಾಳ ತಪ್ಪಿದ ಇಂಜಿನ್ನು

ಕನ್ನಡ ಪಾಠ ಹೇಳುವ ಮೇಷ್ಟ್ರಿಗೂ ಮೋಟಾರು ಕಾರಿನ ಹೊಟ್ಟೆಯೊಳಗಿನ ಸಂಗತಿಗೂ ಏನು ಸಂಬಂಧ ಎಂದು ಶ್ರೋತೃಗಳು ಕೇಳಬಹುದು. ಒಂದು ಕಾಲದಲ್ಲಿ ಕಾರೆಂಬುದು ಊರಿಗೆ ಒಂದೋ ಎರಡೋ ಇದ್ದ ವಸ್ತು. ಈಗ ಅದು ಅಂಗಡಿಯವರ ಮನೆಯ ಮುಂದೆಯೂ ಮೇಷ್ಟ್ರ ಮನೆಯ ಮುಂದೆಯೂ ನಿಂತಿದೆ. ಅದರಲ್ಲೂ ನಮ್ಮಂಥ ಸಂಬಳದವರು ಕೊಳ್ಳುವುದು ಹೆಚ್ಚಾಗಿ ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿಯನ್ನು. ಕೊಳ್ಳುವಾಗ ಬಣ್ಣ ನೋಡುತ್ತೇವೆ, ಟೈರು ನೋಡುತ್ತೇವೆ, ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತೇವೆ. ಇಂಜಿನ್ನಿನ ಪಕ್ಕದ ಮುಚ್ಚಳದ ಹಿಂದೆ ಅಡಗಿರುವ ಒಂದು ರಬ್ಬರು ಪಟ್ಟಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಟೈಮಿಂಗ್ ಬೆಲ್ಟ್ ಎಂದು ಹೆಸರು. ಅದು ಹರಿದರೆ ಏನಾಗುತ್ತದೆ, ಹರಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಇವತ್ತಿನ ಮಾತು.

ಇದಕ್ಕೊಂದು ಕನ್ನಡ ಹೆಸರು ಕಟ್ಟಬಹುದಿತ್ತು. ಪಂಡಿತರ ಕೈಗೆ ಕೊಟ್ಟರೆ ‘ಕಾಲನಿಯಾಮಕ ಪಟ್ಟಿಕೆ’ ಎಂದು ಏನೋ ಒಂದು ಹುಟ್ಟೀತು. ಆದರೆ ದಾರಿಯಲ್ಲಿ ಗಾಡಿ ನಿಂತಾಗ ಮೆಕ್ಯಾನಿಕ್ಕಿಗೆ ಫೋನು ಮಾಡಿ ಕಾಲನಿಯಾಮಕ ಪಟ್ಟಿಕೆ ತುಂಡಾಗಿದೆ ಎಂದರೆ ಆತ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾನೆ. ಆದ್ದರಿಂದ ಗ್ಯಾರೇಜಿನ ಮಾತನ್ನೇ ಆಡುತ್ತೇನೆ.

ಇಂಜಿನ್ನಿನ ಒಳಗೆ ಸಿಲಿಂಡರು ಎಂಬ ಕೊಳವೆ. ಕೊಳವೆಯೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನ್ನು. ಕೊಳವೆಯ ನೆತ್ತಿಯಲ್ಲಿ ಎರಡು ಬಗೆಯ ಕದಗಳು, ಅವೇ ವಾಲ್ವುಗಳು. ಒಂದು ಬಗೆ ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಇನ್ನೊಂದು ಸುಟ್ಟ ಹೊಗೆಯನ್ನು ಹೊರಕ್ಕೆ ಕಳಿಸುತ್ತದೆ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಡೆಸಿ ತೋರಿಸಿದ ನಾಲ್ಕು ನಡೆಗಳ ಕ್ರಮ ಇವತ್ತಿಗೂ ನಡೆಯುತ್ತಿದೆ. ಪಿಸ್ಟನ್ನು ಇಳಿದಾಗ ಗಾಳಿ, ಇಂಧನ ಒಳಕ್ಕೆ. ಏರಿದಾಗ ಅವುಗಳನ್ನು ಒತ್ತುವುದು. ಉರಿದು ಮತ್ತೆ ಇಳಿದಾಗ ಬಲ. ಮರಳಿ ಏರಿದಾಗ ಹೊಗೆ ಹೊರಕ್ಕೆ. ಈ ನಾಲ್ಕು ನಡೆ ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕು ಎರಡು ಸುತ್ತು ತಿರುಗಿರುತ್ತದೆ. ಆದರೆ ಒಂದೊಂದು ವಾಲ್ವೂ ಆ ಎರಡು ಸುತ್ತಿಗೆ ಒಂದೇ ಸಲ ತೆರೆಯಬೇಕು. ಅದಕ್ಕಾಗಿ ವಾಲ್ವುಗಳನ್ನು ಅದುಮುವ ಕ್ಯಾಮ್ ಎಂಬ ದಂಡ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ.

ಸಂಗೀತದ ಸರಳೆ ವರಸೆ ಕಲಿತ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ; ಎರಡನೆಯ ಕಾಲದಲ್ಲಿ ಅದೇ ಎಣಿಕೆಗೆ ಎರಡು ಸ್ವರ. ಕ್ಯಾಮು ಮೊದಲನೆಯ ಕಾಲದಲ್ಲಿ ಹಾಡುತ್ತದೆ, ಕ್ರ್ಯಾಂಕು ಎರಡನೆಯ ಕಾಲದಲ್ಲಿ. ಇಬ್ಬರಿಗೂ ನಡುವೆ ತಾಳ ಹಿಡಿದಿರುವುದು ಈ ಬೆಲ್ಟು. ಅದರ ಒಳಮೈಗೆ ಹಲ್ಲುಗಳಿವೆ. ಕೆಳಗಿನ ಚಕ್ರಕ್ಕೆ 20 ಹಲ್ಲಿದ್ದರೆ ಮೇಲಿನದಕ್ಕೆ 40 ಇರುತ್ತದೆ. ಬೆಲ್ಟಿನ ಹಲ್ಲು ಎರಡಕ್ಕೂ ಕಚ್ಚಿಕೊಂಡಿರುವುದರಿಂದ ಒಂದು ಎಣಿಕೆಯೂ ಜಾರುವುದಿಲ್ಲ. ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎನ್ನಿ. ಆಗ ಕ್ರ್ಯಾಂಕಿಗೆ ಒಂದು ಸೆಕೆಂಡಿಗೆ 50 ಸುತ್ತು, ಕ್ಯಾಮಿಗೆ 25. ಅಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ನಮ್ಮ ಯಾವ ಮೃದಂಗದವರಿಗೂ ಸಾಧ್ಯವಾಗದ ಲೆಕ್ಕ ಇದು.

ಇದನ್ನು ಫ್ಯಾನ್ ಬೆಲ್ಟಿನೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಫ್ಯಾನ್ ಬೆಲ್ಟು ಹೊರಗಡೆ ಕಾಣುತ್ತದೆ. ಅದು ಹರಿದರೆ ಬ್ಯಾಟರಿಯ ದೀಪ ಹೊತ್ತಿಕೊಳ್ಳುತ್ತದೆ, ಇಂಜಿನ್ನು ಕಾಯಬಹುದು. ಆದರೂ ಗಾಡಿ ಒಂದಿಷ್ಟು ದೂರ ನಡೆದೀತು. ಟೈಮಿಂಗ್ ಬೆಲ್ಟು ಹರಿದರೆ ಅದೇ ಕ್ಷಣ ಎಲ್ಲವೂ ನಿಂತಂತೆ.

ನಿಲ್ಲುವುದಷ್ಟೇ ಆಗಿದ್ದರೆ ಈ ಭಾಷಣ ಬೇಕಾಗಿರಲಿಲ್ಲ. ಹರಿದ ಕೂಡಲೆ ಕ್ಯಾಮು ನಿಂತಲ್ಲೇ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಕೆಲವು ವಾಲ್ವುಗಳು ಸಿಲಿಂಡರಿನೊಳಕ್ಕೆ ಚಾಚಿಕೊಂಡು ತೆರೆದೇ ಇರುತ್ತವೆ. ಕೆಳಗಿನ ಕ್ರ್ಯಾಂಕಾದರೋ ತನ್ನ ವೇಗದಿಂದಲೂ, ಗಾಡಿ ಗೇರಿನಲ್ಲಿದ್ದರೆ ಚಕ್ರಗಳ ಎಳೆತದಿಂದಲೂ ಇನ್ನೂ ತಿರುಗುತ್ತಲೇ ಇರುತ್ತದೆ. ಪಿಸ್ಟನ್ನು ಮೇಲೇರಿ ಬರುತ್ತದೆ. ಎದುರಿಗೆ ಮುಚ್ಚದ ವಾಲ್ವು. ಇಲ್ಲಿ ಇಂಜಿನ್ನುಗಳಲ್ಲಿ ಎರಡು ಜಾತಿ. ಕೆಲವದರಲ್ಲಿ ಪೂರ್ತಿ ತೆರೆದ ವಾಲ್ವಿಗೂ ಪೂರ್ತಿ ಏರಿದ ಪಿಸ್ಟನ್ನಿಗೂ ನಡುವೆ ಎಡೆ ಉಳಿದಿರುತ್ತದೆ. ಅದನ್ನು ತಾಗದ ಇಂಜಿನ್ನು ಎನ್ನೋಣ. ಅಲ್ಲಿ ಹೊಸ ಬೆಲ್ಟು ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಇನ್ನು ಕೆಲವದರಲ್ಲಿ ಆ ಎಡೆಯೇ ಇಲ್ಲ. ಅದು ತಾಗುವ ಇಂಜಿನ್ನು. ಅಲ್ಲಿ ವಾಲ್ವಿನ ಕಾಂಡ ಬಾಗುತ್ತದೆ. ಕೆಟ್ಟದಾದರೆ ಪಿಸ್ಟನ್ನಿಗೂ ಪೆಟ್ಟು. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಬಹಳ ಕಿರಿದಾದ ಜಾಗಕ್ಕೆ ಒತ್ತಬೇಕಾದ್ದರಿಂದ ಅವು ಬಹುಪಾಲು ತಾಗುವ ಜಾತಿಯವೇ. ಪೆಟ್ರೋಲಿನಲ್ಲಿ ಎರಡೂ ಉಂಟು. ನಿಮ್ಮದು ಯಾವ ಜಾತಿ ಎಂಬುದನ್ನು ಗಾಡಿ ಚೆನ್ನಾಗಿರುವಾಗಲೇ ಕೇಳಿ ತಿಳಿದಿಟ್ಟುಕೊಳ್ಳುವುದು ಮೇಲು.

ಹಾಗಾದರೆ ಇಷ್ಟು ದೊಡ್ಡ ಹೊಣೆಯನ್ನು ರಬ್ಬರಿಗೆ ಏಕೆ ಒಪ್ಪಿಸಿದರು? ಹಿಂದೆ ಇದ್ದದ್ದು ಕಬ್ಬಿಣದ ಸರಪಳಿಯೇ. ನಮ್ಮ ರಸ್ತೆಗಳಲ್ಲಿ ಬಹುಕಾಲ ಆಳಿದ ಅಂಬಾಸಡರಿನಲ್ಲೂ ಪದ್ಮಿನಿಯಲ್ಲೂ ಸರಪಳಿ. ಹಲ್ಲಿನ ಬೆಲ್ಟು ಅಮೆರಿಕದಲ್ಲಿ 1940ರ ದಶಕದಲ್ಲಿ ಹುಟ್ಟಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಅದನ್ನು ಮೊದಲು ತೊಡಿಸಿದವರು ಪಶ್ಚಿಮ ಜರ್ಮನಿಯ ಗ್ಲಾಸ್ ಕಂಪೆನಿಯವರು, 1962ರಲ್ಲಿ. ಬೆಲ್ಟು ಹಗುರ, ಅಗ್ಗ, ಸದ್ದು ಕಡಿಮೆ, ಎಣ್ಣೆ ಬೇಕಿಲ್ಲ. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಬೆಲ್ಟನ್ನು ಮನೆಮನೆಗೆ ತಂದಿತು. ಈಚೆಗೆ ಹಲವು ತಯಾರಕರು ಮತ್ತೆ ಸರಪಳಿಗೆ ಮರಳಿದ್ದಾರೆ. ಸರಪಳಿ ಸವೆದರೆ ಗಲಗಲ ಸದ್ದು ಮಾಡಿ ಹೇಳುತ್ತದೆ. ಬೆಲ್ಟು ಮೌನವಾಗಿ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ದೋಷ ಅದೇ.

ಕಳೆದ ಮಳೆಗಾಲದಲ್ಲಿ ನಮ್ಮ ತಮ್ಮನ ಮಗ ಹೆಂಡತಿ ಮಗುವಿನೊಡನೆ ಧರ್ಮಸ್ಥಳಕ್ಕೆ ಹೋಗಿ, ಚಾರ್ಮಾಡಿ ಘಾಟಿಯ ಮೇಲೆ ಮೂಡಿಗೆರೆಗೆ, ನಮ್ಮ ಮನೆಗೆ ಬರುತ್ತಿದ್ದ. ಗಾಡಿ ಕೊಂಡು ಎಂಟು ತಿಂಗಳಾಗಿತ್ತು. ಮೊದಲಿನ ಒಡೆಯರು ಬೆಲ್ಟಿನ ಮಾತೆತ್ತಿರಲಿಲ್ಲ, ಇವನೂ ಕೇಳಿರಲಿಲ್ಲ. ಒಂದು ತಿರುವು ದಾಟಿ ಏರುತ್ತಿರುವಾಗ ಯಾವ ಸದ್ದೂ ಇಲ್ಲದೆ ಇಂಜಿನ್ನು ಆರಿತು. ಮಂಜು ಮುಸುಕಿತ್ತು, ಹಿಂದೆ ಬಸ್ಸು. ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕು ಒತ್ತಿದ, ನಿಂತಿತು; ಬಿಟ್ಟು ಒತ್ತಿದ, ನಿಂತಿತು; ಮೂರನೆಯ ಸಲ ಪೆಡಲು ಕಲ್ಲಿನಂತಾಗಿತ್ತು. ಕಾಲಿನ ಬಲವನ್ನೆಲ್ಲ ಹಾಕಿ ಹಿಡಿದುಕೊಂಡ. ಬಸ್ಸಿನ ಕಂಡಕ್ಟರು ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಮೂವರೂ ಉಸಿರು ಬಿಟ್ಟರು. ಅಲ್ಲಿಯವರೆಗೆ ಹುಡುಗ ಮಾಡಿದ್ದೆಲ್ಲ ಸರಿಯೇ. ಆಮೇಲೆ ಸುತ್ತ ನೆರೆದವರು ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು. ಎಲ್ಲರ ಸಲಹೆಯೂ ಕೊನೆಗೆ ‘ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡಿ’ ಎಂಬುದೇ. ಹತ್ತು ಹದಿನೈದು ಸಲ ಮಾಡಿ ನೋಡಿದ.

ಮರುದಿನ ಗ್ಯಾರೇಜಿಗೆ ಅವನ ಜೊತೆ ನಾನೂ ಹೋದೆ. ಮೆಕ್ಯಾನಿಕ್ಕು ನನ್ನ ಹಳೆಯ ವಿದ್ಯಾರ್ಥಿ. ಹಳಗನ್ನಡದ ಪದ್ಯಕ್ಕೆ ಪ್ರಸ್ತಾರ ಹಾಕು ಎಂದರೆ ಕಿಟಕಿಯ ಹೊರಗೆ ನೋಡುತ್ತಿದ್ದ ಹುಡುಗ. ಇಂಜಿನ್ನಿನ ಗುರು ಲಘುಗಳನ್ನು ಮಾತ್ರ ಬೆರಳ ತುದಿಯಲ್ಲಿ ಎಣಿಸುತ್ತಾನೆ. “ಮೇಷ್ಟ್ರೇ, ಬೆಲ್ಟು ಕಟ್ಟಾಗಿರೋದು ಗೊತ್ತಾಯ್ತು. ಕಟ್ಟಾದ ಮೇಲೆ ಸೆಲ್ಫು ಎಷ್ಟು ಸಲ ಹೊಡೆದ್ರು, ಅದನ್ನ ಹೇಳಿ” ಎಂದ. ಹೇಳಿದಾಗ ತಲೆ ಅಲ್ಲಾಡಿಸಿದ. ಹೆಡ್ಡು ಇಳಿಸಿ ನೋಡಿದರೆ ನಾಲ್ಕು ವಾಲ್ವುಗಳು ಬಾಗಿದ್ದವು. ಬೆಲ್ಟು ಹರಿದಾಗಲೇ ಎಷ್ಟು ಬಾಗಿದ್ದವೋ, ಸೆಲ್ಫಿನ ಹೊಡೆತಕ್ಕೆ ಎಷ್ಟು ಬಾಗಿದವೋ ಈಗ ಲೆಕ್ಕ ಹಾಕುವಂತಿಲ್ಲ. ಬಿಲ್ಲು ಬಂದಾಗ ಹುಡುಗನ ಒಂದು ತಿಂಗಳ ಸಂಬಳ ಸಾಲಲಿಲ್ಲ.

ಆದ್ದರಿಂದ ಶ್ರೋತೃಗಳು ಇದನ್ನು ಗಮನವಿಟ್ಟು ಕೇಳಬೇಕು. ಓಡುತ್ತಿರುವ ಇಂಜಿನ್ನು ಮುನ್ಸೂಚನೆಯಿಲ್ಲದೆ ಒಮ್ಮೆಲೇ ಆರಿದರೆ ಮೊದಲು ಕ್ಲಚ್ಚು ಒತ್ತಿ ಗೇರನ್ನು ನ್ಯೂಟ್ರಲಿಗೆ ತನ್ನಿ. ಚಕ್ರಗಳು ಇಂಜಿನ್ನನ್ನು ಎಳೆದು ತಿರುಗಿಸುವುದು ತಪ್ಪುತ್ತದೆ. ಗಾಡಿ ಚಲಿಸುತ್ತಿರುವಾಗ ಕೀಲಿಕೈಯನ್ನು ಹೊರಕ್ಕೆ ತೆಗೆಯಲೇಬೇಡಿ, ಸ್ಟಿಯರಿಂಗು ಬೀಗ ಬಿದ್ದೀತು. ಸ್ಟಿಯರಿಂಗು ಭಾರವಾಗುತ್ತದೆ, ಗಾಬರಿಯಾಗದೆ ಎರಡು ಕೈಯಿಂದ ತಿರುಗಿಸಿ ಎಡಕ್ಕೆ ತನ್ನಿ. ಬ್ರೇಕಿಗೆ ನೆರವಾಗುವ ಶಕ್ತಿ ಒಂದೆರಡು ಒತ್ತಿಗೆ ಮಾತ್ರ ಉಳಿದಿರುತ್ತದೆ. ಅದನ್ನು ಬಿಟ್ಟು ಬಿಟ್ಟು ಒತ್ತಿ ಕಳೆಯದೆ ಒಂದೇ ಒತ್ತಿಗೆ ನಿಲ್ಲಿಸಿ ಹಿಡಿಯಿರಿ. ಹ್ಯಾಂಡ್ ಬ್ರೇಕು ಎಳೆಯಿರಿ, ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಡಿಸಿ. ಗೇರಿನಲ್ಲಿ ಹಾಕಿಬಿಟ್ಟರೆ ಸಾಕು ಎನ್ನುವ ನಂಬಿಕೆ ಇಲ್ಲಿ ನಡೆಯದು. ತೆರೆದ ವಾಲ್ವಿನಿಂದ ಒತ್ತಡ ಸೋರಿಹೋಗುವುದರಿಂದ ಗೇರಿನ ಹಿಡಿತ ಸಡಿಲ. ಮಿಣುಕು ದೀಪ ಹಾಕಿ, ತ್ರಿಕೋನದ ಫಲಕವನ್ನು ಹಿಂದೆ ದೂರದಲ್ಲಿಟ್ಟು, ಜನರನ್ನು ಗಾಡಿಯಿಂದ ಇಳಿಸಿ ರಸ್ತೆಯಿಂದಾಚೆ ನಿಲ್ಲಿಸಿ. ಅಪಾಯವಿದ್ದರೆ 112; ರಾಷ್ಟ್ರೀಯ ಹೆದ್ದಾರಿಗಳ ಸಹಾಯಕ್ಕೆ 1033.

ಆಮೇಲೆ ಕೀಲಿ ತಿರುಗಿಸಿ ನೋಡುವುದಾದರೆ ಒಂದೇ ಒಂದು ಸಲ, ಅದೂ ಒಂದು ಕ್ಷಣ. ಆಗ ಕಿವಿಗೊಟ್ಟು ಕೇಳಿ. ಆರೋಗ್ಯವಾದ ಇಂಜಿನ್ನು ತಿರುಗುವಾಗ ‘ಗುರ್ರ್ – ಗುರ್ರ್’ ಎಂದು ಏರಿಳಿಯುವ ಸದ್ದು ಬರುತ್ತದೆ. ಅದು ಒತ್ತಡದ ಸದ್ದು. ಬೆಲ್ಟು ಹರಿದಿದ್ದರೆ ಏರಿಳಿತವಿಲ್ಲದೆ, ಹಗುರವಾಗಿ, ಎಂದಿಗಿಂತ ಬೇಗ ‘ವುಯ್’ ಎಂದು ಸುತ್ತುತ್ತದೆ. ಆ ಸದ್ದು ಕೇಳಿದ ಮೇಲೆ ಕೀಲಿ ಮುಟ್ಟಬಾರದು. ತಳ್ಳಿ ಸ್ಟಾರ್ಟ್ ಮಾಡಿಸುವುದಂತೂ ಕೂಡದು. ಗಾಡಿಯನ್ನು ಹೇರಿಕೊಂಡೋ ಎಳೆಸಿಕೊಂಡೋ ಗ್ಯಾರೇಜಿಗೆ ಸೇರಿಸಬೇಕು, ಅಷ್ಟೆ.

ಗ್ಯಾರೇಜಿನಲ್ಲಿ ತಿಳಿದವರು ಆತುರಪಡುವುದಿಲ್ಲ. ನಾಲ್ಕು ಸಿಲಿಂಡರಿನ ಗಾಡಿಯಾದರೆ ಕ್ರ್ಯಾಂಕನ್ನು ಕಾಲು ಸುತ್ತು ಸರಿಸಿ ಪಿಸ್ಟನ್ನುಗಳನ್ನೆಲ್ಲ ಕೊಳವೆಯ ನಡುವೆ ತಂದಿಟ್ಟು, ಆಮೇಲೆ ಕ್ಯಾಮನ್ನು ಅದರ ಗುರುತಿಗೆ ತಿರುಗಿಸುತ್ತಾರೆ. ಬಳಿಕ ಕ್ರ್ಯಾಂಕನ್ನೂ ಗುರುತಿಗೆ ತಂದು ಬೆಲ್ಟು ತೊಡಿಸಿ, ಬಿಗಿ ಕೊಟ್ಟು, ಪಾನಾ ಹಿಡಿದು ಕೈಯಿಂದಲೇ ಎರಡು ಸುತ್ತು ತಿರುಗಿಸುತ್ತಾರೆ. ಎರಡೇ ಏಕೆಂದರೆ ಕ್ಯಾಮಿಗೆ ಅದು ಒಂದು ಪೂರ್ಣ ಆವರ್ತ. ನಡುವೆ ಎಲ್ಲಾದರೂ ತಡೆದರೆ ಬಲ ಹಾಕುವಂತಿಲ್ಲ. ಎರಡು ಸುತ್ತಾದ ಮೇಲೆ ಗುರುತುಗಳು ಮತ್ತೆ ಕೂಡಬೇಕು. ಒಂದೇ ಒಂದು ಹಲ್ಲು ಆಚೀಚೆಯಾದರೂ ಇಂಜಿನ್ನು ಎಳೆಯುವುದಿಲ್ಲ, ನಿಂತಲ್ಲಿ ನಡುಗುತ್ತದೆ. ಆಮೇಲೆ ಒಂದೊಂದು ಸಿಲಿಂಡರಿನ ಒತ್ತಡವನ್ನೂ ಅಳೆದು ನೋಡುತ್ತಾರೆ. ಎಲ್ಲದರಲ್ಲೂ ಸಮನಾಗಿದ್ದರೆ ನೀವು ಪುಣ್ಯವಂತರು; ಯಾವುದರಲ್ಲಾದರೂ ಇಲ್ಲವೆಂದರೆ ಅಲ್ಲಿ ವಾಲ್ವು ಬಾಗಿದೆ, ಹೆಡ್ಡು ಇಳಿಯಬೇಕು. ಅಳೆಯುವ ಮೊದಲೇ ಹೆಡ್ಡು ಇಳಿಸಬೇಕೆನ್ನುವವರನ್ನು ಏಕೆಂದು ಕೇಳುವ ಹಕ್ಕು ನಿಮಗಿದೆ.

ಬೆಲ್ಟು ಏಕೆ ಹರಿಯಿತು ಎಂಬುದನ್ನೂ ಅಲ್ಲಿಯೇ ಹುಡುಕಿಸಬೇಕು. ಸೀಲಿನಿಂದ ಎಣ್ಣೆ ಸೋರಿ ರಬ್ಬರು ಕೊಳೆತಿರಬಹುದು. ಬಿಗಿ ಕೊಡುವ ಟೆನ್ಷನರಿನ ಬೇರಿಂಗು ಸಿಕ್ಕಿಹಾಕಿಕೊಂಡಿರಬಹುದು. ಹಲವು ಗಾಡಿಗಳಲ್ಲಿ ನೀರಿನ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತದೆ. ಆ ಪಂಪು ಹಿಡಿದುಕೊಂಡರೆ ಹೊಸ ಬೆಲ್ಟನ್ನೂ ಹರಿದುಹಾಕುತ್ತದೆ. ಕಾರಣ ಇದಾವುದೂ ಅಲ್ಲದಿದ್ದರೆ ವಯಸ್ಸು. ಗಂಟೆಗೆ 60 ಕಿಲೋಮೀಟರಿನಂತೆ ಹೋಗುವಾಗ ಇಂಜಿನ್ನಿಗೆ ನಿಮಿಷಕ್ಕೆ 2,000 ಸುತ್ತು ಎಂದು ಹಿಡಿದರೂ, 60,000 ಕಿಲೋಮೀಟರು ನಡೆಯುವುದರೊಳಗೆ ಕ್ರ್ಯಾಂಕು 12 ಕೋಟಿ ಸುತ್ತು ತಿರುಗಿರುತ್ತದೆ. ಅಷ್ಟನ್ನೂ ತಡೆಯುವುದು ಗಾಜಿನ ಎಳೆಗಳನ್ನು ಒಳಗಿಟ್ಟು ಮಾಡಿದ ಎರಡು ಬೆರಳಗಲದ ರಬ್ಬರು.

ಬದಲಾಯಿಸುವ ಅವಧಿ ತಯಾರಕರಿಂದ ತಯಾರಕರಿಗೆ ಬೇರೆ. 60,000ದಿಂದ 1,00,000 ಕಿಲೋಮೀಟರು ಎಂಬುದು ಬಹಳ ಕಡೆ ಕಾಣುವ ಲೆಕ್ಕ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಪ್ರಮಾಣ. ವರ್ಷಗಳ ಲೆಕ್ಕವನ್ನೂ ಬಿಡುವಂತಿಲ್ಲ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಮಾತ್ರ ಓಡುವ ಗಾಡಿಯಲ್ಲೂ ರಬ್ಬರು ಮುಪ್ಪಾಗುತ್ತದೆ. ಮುಚ್ಚಳ ತೆಗೆಸಿ ನೋಡಿದಾಗ ಬಿರುಕು, ಎಳೆ ಬಿಟ್ಟ ಅಂಚು, ಎಣ್ಣೆಯ ಪಸೆ ಕಂಡರೆ ಅವಧಿಗೆ ಕಾಯಬಾರದು. ಆದರೆ ಏನೂ ಕಾಣದಿದ್ದರೆ ಅವಧಿ ಮೀರಿಸಬಹುದೆಂದು ಅರ್ಥವಲ್ಲ. ಹಳೆಯ ಗಾಡಿ ಕೊಳ್ಳುವಾಗ ಬೆಲ್ಟು ಹಾಕಿಸಿದ ಬಿಲ್ಲನ್ನು ಕೇಳಿ. ಬಾಯಿಮಾತಾದರೆ ಹಾಕಿಸಿಲ್ಲವೆಂದೇ ತಿಳಿದು ಮೊದಲ ವಾರದಲ್ಲೇ ಹಾಕಿಸಿ, ಮೊದಲು ಬೆಲೆಯಲ್ಲಿ ಅಷ್ಟನ್ನು ಇಳಿಸಿಕೊಂಡು. ಹಾಕಿಸುವಾಗ ಬೆಲ್ಟೊಂದನ್ನೇ ಅಲ್ಲ, ಟೆನ್ಷನರು, ಅದರ ಜೊತೆಯ ರೋಲರು, ಬೆಲ್ಟಿನಿಂದಲೇ ತಿರುಗುವುದಾದರೆ ನೀರಿನ ಪಂಪು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಬಿಚ್ಚುವ ಕೂಲಿ ಒಂದೇ. ಹಾಕಿಸಿದ ತಾರೀಕನ್ನೂ ಅಂದಿನ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಬಿಲ್ಲನ್ನು ಗಾಡಿಯ ಕಾಗದಪತ್ರಗಳ ಜೊತೆ ಇಡಿ. ನಾಳೆ ಅದನ್ನು ನಿಮ್ಮಿಂದ ಕೊಳ್ಳುವವರೂ ಘಾಟಿ ಹತ್ತುವವರೇ.